ಚುಕ್ಕಿಯೂ ಒಂದು ಲಿಪಿ

ಕಣ್ಣಿಗೆ ಕಾಣದುದನ್ನು ಕಾಣುವ ಗುರುತಿನಿಂದ ತಿಳಿಸುವುದು ವಿದ್ಯಾದಾನದ ಮೊದಲ ಉಪಾಯ. ನಾದಕ್ಕೆ ರೂಪವಿಲ್ಲ, ಅದಕ್ಕೆ ಅಕ್ಷರವೆಂಬ ರೂಪವನ್ನು ಹಿರಿಯರು ಕಲ್ಪಿಸಿದರು. ಕಾಲಕ್ಕೆ ಆಕಾರವಿಲ್ಲ, ಉಚ್ಚಾರಣೆಯ ಕಾಲವನ್ನು ಅಳೆಯಲು ಛಂದಶ್ಶಾಸ್ತ್ರಜ್ಞರು ಲಘು ಗುರುಗಳೆಂಬ ಎರಡು ಗುರುತುಗಳನ್ನು ಇಟ್ಟರು. ಪದ್ಯಕ್ಕೆ ಪ್ರಸ್ತಾರ ಹಾಕುವ ಹುಡುಗ ಅಕ್ಷರದ ನೆತ್ತಿಯ ಮೇಲೆ ಬಾಗಿದ ಗೆರೆಯನ್ನು ಎಳೆದಾಗ, ನಾದವು ಅದೇ ಆಕಾರದಲ್ಲಿ ಗಂಟಲಿನಿಂದ ಹೊರಡುತ್ತದೆಂದು ನಂಬುವುದಿಲ್ಲ. ಗುರುತು ಬೇರೆ, ಗುರುತಿಸಲ್ಪಟ್ಟ ವಸ್ತು ಬೇರೆ ಎಂಬ ವಿವೇಕ ಅವನಿಗೆ ಸಹಜವಾಗಿಯೇ ಬಂದಿರುತ್ತದೆ. ಭಾಷಾಪಾಠದಲ್ಲಿ ಇಷ್ಟು ಸುಲಭವಾಗಿ ದೊರೆಯುವ ಈ ವಿವೇಕವು ಪಕ್ಕದ ಕೊಠಡಿಯಲ್ಲಿ ನಡೆಯುವ ರಸಾಯನಶಾಸ್ತ್ರದ ಪಾಠದಲ್ಲಿ ಅನೇಕ ವೇಳೆ ಕಾಣದಾಗುವುದು ವಿಚಾರಾರ್ಹವಾದ ಸಂಗತಿ.

ಪ್ರೌಢಶಾಲೆಯ ವಿಜ್ಞಾನ ಪಾಠದಲ್ಲಿ ಎಲೆಕ್ಟ್ರಾನ್ ಚುಕ್ಕಿ ರಚನೆ ಎಂಬುದೊಂದು ಭಾಗವಿದೆ. ಧಾತುವಿನ ಸಂಕೇತಾಕ್ಷರವನ್ನು ನಡುವೆ ಬರೆದು, ಆ ಪರಮಾಣುವಿನ ಅತ್ಯಂತ ಹೊರಗಿನ ಕವಚದಲ್ಲಿರುವ ಎಲೆಕ್ಟ್ರಾನುಗಳನ್ನು ಅಕ್ಷರದ ನಾಲ್ಕು ಮಗ್ಗುಲಲ್ಲಿ ಚುಕ್ಕಿಗಳಾಗಿ ಇಡುವುದೇ ಅದರ ಕ್ರಮ. ಜಲಜನಕಕ್ಕೆ ಒಂದು ಚುಕ್ಕಿ, ಇಂಗಾಲಕ್ಕೆ ನಾಲ್ಕು, ಸಾರಜನಕಕ್ಕೆ ಐದು, ಆಮ್ಲಜನಕಕ್ಕೆ ಆರು, ಫ್ಲೋರಿನ್ನಿಗೆ ಏಳು, ನಿಯಾನಿಗೆ ಎಂಟು. ನಾಲ್ಕು ಮಗ್ಗುಲಿಗೆ ಒಂದೊಂದು ಚುಕ್ಕಿ ಬಿದ್ದ ಮೇಲೆ ಐದನೆಯದರಿಂದ ಜೋಡಿ ಕಟ್ಟಲಾಗುತ್ತದೆ. ಹೀಲಿಯಮ್ಮಿಗೆ ಮಾತ್ರ ಇರುವ ಎರಡೇ ಚುಕ್ಕಿಗಳನ್ನು ಒಂದೇ ಮಗ್ಗುಲಲ್ಲಿ ಜೋಡಿಯಾಗಿ ಬರೆಯುವುದು ರೂಢಿ, ಏಕೆಂದರೆ ಅದರ ಕವಚ ಎರಡಕ್ಕೇ ತುಂಬಿಹೋಗುತ್ತದೆ. ಎರಡು ಪರಮಾಣುಗಳು ಒಂದು ಜೋಡಿಯನ್ನು ಪರಸ್ಪರ ಹಂಚಿಕೊಂಡರೆ ಅದು ಸಹವೇಲೆನ್ಸೀಯ ಬಂಧ. ಅದನ್ನು ಗೆರೆಯೊಂದರಿಂದಲೂ ಸೂಚಿಸಬಹುದು. ಒಳಗಿನ ಕವಚಗಳ ಎಲೆಕ್ಟ್ರಾನುಗಳಿಗೆ ಈ ಬರಹದಲ್ಲಿ ಸ್ಥಾನವಿಲ್ಲ. ಸೋಡಿಯಮ್ಮಿನ ಹನ್ನೊಂದು ಎಲೆಕ್ಟ್ರಾನುಗಳು ೨, ೮, ೧ ಎಂದು ಹಂಚಿಹೋಗಿದ್ದರೂ ಕಾಣಿಸಿಕೊಳ್ಳುವುದು ಕಡೆಯ ಒಂದು ಮಾತ್ರ. ಇಷ್ಟು ಅಲ್ಪ ಸಾಮಗ್ರಿಯಿಂದ ಸಾವಿರಾರು ಸಂಯುಕ್ತಗಳ ರಚನೆಯನ್ನು ಬರೆದು ತೋರಿಸುವ ಈ ಪದ್ಧತಿಯ ಲಾಘವ ಸೂತ್ರಕಾರರಿಗೂ ಮೆಚ್ಚಿಕೆಯಾಗತಕ್ಕದ್ದು.

ಈ ಪದ್ಧತಿಯ ಜನ್ಮವೃತ್ತಾಂತ ಅಧ್ಯಾಪಕ ವರ್ಗಕ್ಕೆ ವಿಶೇಷವಾಗಿ ತಿಳಿದಿರಬೇಕು. ಇದರ ಕರ್ತೃ ಅಮೆರಿಕದ ಗಿಲ್ಬರ್ಟ್ ನ್ಯೂಟನ್ ಲೂಯಿಸ್. ೧೮೭೫ರಲ್ಲಿ ಜನಿಸಿ ೧೯೪೬ರಲ್ಲಿ ಬರ್ಕ್ಲಿಯ ತಮ್ಮ ಪ್ರಯೋಗಶಾಲೆಯಲ್ಲಿಯೇ ದೇಹವಿಟ್ಟ ಈ ವಿದ್ವಾಂಸರು ೧೯೦೨ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಆರಂಭದ ತರಗತಿಗಳಿಗೆ ರಸಾಯನಶಾಸ್ತ್ರವನ್ನು ಬೋಧಿಸುತ್ತಿದ್ದರು. ಎಲೆಕ್ಟ್ರಾನು ಪತ್ತೆಯಾಗಿ ಆಗ ಐದೇ ವರ್ಷವಾಗಿತ್ತು. ಪರಮಾಣುವಿನ ನಡುವೆ ಬೀಜವೊಂದಿದೆ ಎಂಬುದು ರುದರ್‌ಫರ್ಡರಿಂದ ತಿಳಿದುಬರಲು ಇನ್ನೂ ಒಂಬತ್ತು ವರ್ಷ ಬೇಕಾಗಿತ್ತು. ಧಾತುಗಳ ಗುಣ ಎಂಟೆಂಟಕ್ಕೆ ಏಕೆ ಮರುಕಳಿಸುತ್ತದೆಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಯಹೇಳಲು ಲೂಯಿಸರು ಪರಮಾಣುವನ್ನು ಘನಾಕೃತಿಯಾಗಿ ಬರೆದು, ಅದರ ಎಂಟು ಮೂಲೆಗಳಲ್ಲಿ ಎಂಟು ಎಲೆಕ್ಟ್ರಾನುಗಳನ್ನು ಇಟ್ಟರು. ಅರ್ಥಾತ್, ಈ ವಿಚಾರ ಹುಟ್ಟಿದುದು ಪಾಠದ ನಡುವೆ, ಪಾಠದ ಅಗತ್ಯಕ್ಕಾಗಿ.

ಹದಿನಾಲ್ಕು ವರ್ಷಗಳ ತರುವಾಯ, ೧೯೧೬ರಲ್ಲಿ, ಲೂಯಿಸರು ಪ್ರಕಟಿಸಿದ ಪ್ರಬಂಧದಲ್ಲಿ ಚುಕ್ಕಿಗಳ ಬರಹ ಕಾಣಿಸಿಕೊಂಡಿತು. ಪರಮಾಣುಗಳ ನಡುವೆ ಗೆರೆ ಎಳೆಯುವ ರೂಢಿ ಅದಕ್ಕೂ ಮೊದಲೇ ಇತ್ತು. ಸ್ಕಾಟ್ಲೆಂಡಿನ ಆರ್ಚಿಬಾಲ್ಡ್ ಕೂಪರ್ ೧೮೫೮ರಲ್ಲಿಯೇ ಅಂಥ ಗೆರೆಗಳನ್ನು ಬಳಸಿದ್ದರು. ಆದರೆ ಆ ಗೆರೆಯೆಂದರೆ ವಸ್ತುತಃ ಏನೆಂಬುದು ಅರ್ಧ ಶತಮಾನಕ್ಕೂ ಮಿಕ್ಕಿ ಯಾರಿಗೂ ತಿಳಿದಿರಲಿಲ್ಲ. ಗೆರೆಯೆಂದರೆ ಹಂಚಿಕೊಂಡ ಎರಡು ಎಲೆಕ್ಟ್ರಾನುಗಳು ಎಂದು ಹೇಳಿದುದೇ ಲೂಯಿಸರ ಹಿರಿಮೆ. ‘ಸಹವೇಲೆನ್ಸೀಯ’ ಎಂಬುದರ ಮೂಲಶಬ್ದವನ್ನು ೧೯೧೯ರಲ್ಲಿ ಬಳಕೆಗೆ ತಂದವರು ಇರ್ವಿಂಗ್ ಲ್ಯಾಂಗ್‌ಮ್ಯೂರ್. ಲ್ಯಾಂಗ್‌ಮ್ಯೂರರಿಗೆ ಮತ್ತೊಂದು ಕ್ಷೇತ್ರದ ಸಾಧನೆಗಾಗಿ ೧೯೩೨ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಲೂಯಿಸರಿಗೆ ಅದು ಕಡೆಯವರೆಗೂ ದೊರೆಯಲಿಲ್ಲ.

ಈ ವೃತ್ತಾಂತದಲ್ಲಿ ಗಮನಿಸತಕ್ಕ ಅಂಶ ಇನ್ನೊಂದಿದೆ. ಘನಾಕೃತಿಯ ಒಂದು ಅಂಚನ್ನು ಎರಡು ಪರಮಾಣುಗಳು ಹಂಚಿಕೊಂಡರೆ ಏಕಬಂಧವೂ ಒಂದು ಮುಖವನ್ನು ಹಂಚಿಕೊಂಡರೆ ದ್ವಿಬಂಧವೂ ಆಗುತ್ತಿತ್ತು. ತ್ರಿಬಂಧವನ್ನು ಮಾತ್ರ ಹೇಗೂ ತೋರಿಸಲು ಬರುತ್ತಿರಲಿಲ್ಲ. ಆಗ ಲೂಯಿಸರು ಘನಾಕೃತಿಯ ಹಟ ಹಿಡಿಯದೆ ಅದನ್ನು ಕೈಬಿಟ್ಟು, ಎಲೆಕ್ಟ್ರಾನುಗಳ ಜೋಡಿಯನ್ನು ಮಾತ್ರ ಉಳಿಸಿಕೊಂಡರು. ಚಿತ್ರ ಹೋಯಿತು, ತತ್ತ್ವ ಉಳಿಯಿತು. ಕರ್ತೃವೇ ತನ್ನ ಚಿತ್ರವನ್ನು ಇಷ್ಟು ನಿರ್ಮಮತೆಯಿಂದ ಬಿಟ್ಟುಕೊಟ್ಟಿರುವಾಗ, ಅದರ ಶೇಷವನ್ನು ಕಪ್ಪುಹಲಗೆಯ ಮೇಲೆ ಪರಮಾಣುವಿನ ಭಾವಚಿತ್ರವೆಂಬಂತೆ ಬರೆದು ನಕಲು ಮಾಡಿಸುವುದು ಆ ಹಿರಿಯರಿಗೆ ಸಲ್ಲಿಸುವ ಗೌರವವಲ್ಲ.

ನಕಲಿನ ಪಾಠದಿಂದ ಒದಗುವ ಹಾನಿ ಎಂಥದು? ನೀರು, ಅಮೋನಿಯ, ಮೀಥೇನ್, ಇಂಗಾಲದ ಡೈಆಕ್ಸೈಡ್, ಈ ನಾಲ್ಕೈದು ಚಿತ್ರಗಳನ್ನು ಕಂಠಪಾಠ ಮಾಡಿದ ವಿದ್ಯಾರ್ಥಿ ಪರೀಕ್ಷೆಯಲ್ಲಿ ಅಂಕ ಪಡೆಯುತ್ತಾನೆ. ಎಂಟು ಗಂಧಕ ಪರಮಾಣುಗಳು ಬಳೆಯಾಕಾರದಲ್ಲಿ ಕೂಡಿರುವ ಅಣುವನ್ನು ಬರೆಯೆಂದರೆ ಅವನೇ ಕೈಚೆಲ್ಲುತ್ತಾನೆ. ಎಣಿಸಲು ಕಲಿತವನಿಗೆ ಅದೊಂದು ಕಷ್ಟವೇ ಅಲ್ಲ. ಪ್ರತಿಯೊಂದು ಗಂಧಕಕ್ಕೆ ಆರರಂತೆ ಒಟ್ಟು ೪೮ ಎಲೆಕ್ಟ್ರಾನುಗಳು. ಬಳೆಯಲ್ಲಿ ಎಂಟು ಬಂಧಗಳು. ಅವಕ್ಕೆ ೧೬ ವ್ಯಯ. ಉಳಿದ ೩೨ನ್ನು ಪ್ರತಿ ಪರಮಾಣುವಿಗೆ ಎರಡೆರಡು ಜೋಡಿಯಂತೆ ಹಂಚಿದರೆ ಎಲ್ಲಕ್ಕೂ ಎಂಟೆಂಟು ತುಂಬಿ ಲೆಕ್ಕ ಮುಗಿಯುತ್ತದೆ. ಭಾಮಿನಿ ಷಟ್ಪದಿಯ ಮೊದಲ ಸಾಲಿನಲ್ಲಿ ೧೪ ಮಾತ್ರೆಗಳು ಬಾರದಿದ್ದರೆ ಎಲ್ಲಿಯೋ ತಪ್ಪಿದೆಯೆಂದು ವಿದ್ಯಾರ್ಥಿ ತಾನೇ ತಿಳಿಯುವಂತೆ, ಇಂಗಾಲದ ಡೈಆಕ್ಸೈಡಿನಲ್ಲಿ ೧೬ ಚುಕ್ಕಿಗಳು ಕೂಡಿಬಾರದಿದ್ದರೆ ತಪ್ಪಿದೆಯೆಂದು ತಾನೇ ತಿಳಿಯಬಲ್ಲನು. ತನ್ನ ತಪ್ಪನ್ನು ತಾನೇ ಹಿಡಿಯುವ ಸಾಮರ್ಥ್ಯ ಬಂದಲ್ಲದೆ ಅದು ವಿದ್ಯೆಯಾಗದು.

ಎಣಿಕೆಯಿಲ್ಲದ ಪಾಠದಲ್ಲಿ ಹುಟ್ಟುವ ಮತ್ತೊಂದು ತೊಡಕು ಶಬ್ದಕ್ಕೆ ಸಂಬಂಧಿಸಿದುದು. ವೇಲೆನ್ಸ್ ಎಲೆಕ್ಟ್ರಾನುಗಳ ಸಂಖ್ಯೆ ಮತ್ತು ವೇಲೆನ್ಸಿ ಎಂಬೆರಡೂ ಒಂದೇ ಎಂದು ಅನೇಕ ಮಕ್ಕಳು ಭಾವಿಸುತ್ತಾರೆ. ಆಮ್ಲಜನಕದ ಹೊರಕವಚದಲ್ಲಿ ಇರುವುದು ಆರು. ಅದರ ವೇಲೆನ್ಸಿ ಎರಡು. ಒಂದು ಕೈಯಲ್ಲಿರುವ ಧನ, ಮತ್ತೊಂದು ಮಾಡುವ ವ್ಯವಹಾರ. ಚುಕ್ಕಿಗಳನ್ನು ಅರ್ಥವರಿತು ಬರೆದರೆ ಜೋಡಿಯಾಗದೆ ಉಳಿದ ಎರಡು ಚುಕ್ಕಿಗಳು ಕಣ್ಣೆದುರಿಗೇ ನಿಂತು ಈ ಭೇದವನ್ನು ಸಾರುತ್ತವೆ. ಬಂಧದಲ್ಲಿ ಭಾಗವಹಿಸದ ಜೋಡಿಗಳನ್ನು ಬರೆಯದೆ ಬಿಡುವ ಅಭ್ಯಾಸವೂ ಇಂಥದೇ. ಅಮೋನಿಯದ ಸಾರಜನಕದ ಮೇಲಿನ ಒಂಟಿ ಜೋಡಿಯನ್ನು ಬಿಟ್ಟರೆ, ಅದೇ ಅಮೋನಿಯ ಮತ್ತೊಂದು ಜಲಜನಕದ ಅಯಾನನ್ನು ಸೇರಿಸಿಕೊಂಡು ಅಮೋನಿಯಂ ಆಗುವುದು ಹೇಗೆಂಬುದನ್ನು ಹೇಳಲು ಬಾರದು. ನೀರಿನ ಅಣು ನೆಟ್ಟಗಿರದೆ ೧೦೪.೫ ಅಂಶದಷ್ಟು ಕೋನದಲ್ಲಿ ಬಾಗಿರುವುದಕ್ಕೂ ಆಮ್ಲಜನಕದ ಎರಡು ಒಂಟಿ ಜೋಡಿಗಳೇ ಕಾರಣ.

ಇನ್ನು ಅಲಂಕಾರದ ಮಾತು. ‘ಸೋಡಿಯಂ ತನ್ನಲ್ಲಿರುವ ಒಂದು ಎಲೆಕ್ಟ್ರಾನನ್ನು ಸಂತೋಷದಿಂದ ದಾನ ಮಾಡುತ್ತದೆ, ಕ್ಲೋರಿನ್ ಅದನ್ನು ಆಸೆಯಿಂದ ಸ್ವೀಕರಿಸುತ್ತದೆ’ ಎಂದು ಪಾಠ ಹೇಳುವುದು ಎಲ್ಲೆಡೆಯೂ ಕೇಳಿಬರುತ್ತದೆ. ಕೇಳಲು ಇಂಪಾಗಿದೆ, ಮಕ್ಕಳ ನೆನಪಿನಲ್ಲಿಯೂ ನಿಲ್ಲುತ್ತದೆ. ಆದರೆ ಅಚೇತನ ವಸ್ತುವಿನಲ್ಲಿ ಇಚ್ಛೆಯನ್ನು ಸಂಭಾವಿಸುವುದಕ್ಕೆ ಆಲಂಕಾರಿಕರು ಉತ್ಪ್ರೇಕ್ಷೆಯೆಂದು ಹೆಸರಿಟ್ಟಿದ್ದಾರೆ. ಕಾವ್ಯದಲ್ಲಿ ಭೂಷಣವಾದುದು ಶಾಸ್ತ್ರದಲ್ಲಿ ಕಾರಣವಾಗಲಾರದು. ಅನಿಲರೂಪದ ಒಂದು ಮೋಲ್ ಸೋಡಿಯಮ್ಮಿನಿಂದ ಎಲೆಕ್ಟ್ರಾನುಗಳನ್ನು ಕೀಳಲು ಸುಮಾರು ೪೯೬ ಕಿಲೊಜೌಲ್ ಶಕ್ತಿ ಬೇಕು. ಕ್ಲೋರಿನ್ ಪರಮಾಣುಗಳು ಅವನ್ನು ಸ್ವೀಕರಿಸಿದಾಗ ಬಿಡುಗಡೆಯಾಗುವುದು ಸುಮಾರು ೩೪೯ ಮಾತ್ರ. ಈ ಕೊಡುಕೊಳೆಯಲ್ಲಿ ೧೪೭ ಕಿಲೊಜೌಲಿನಷ್ಟು ನಷ್ಟವೇ ಹೊರತು ಲಾಭವಿಲ್ಲ. ಹಾಗಿದ್ದೂ ಉಪ್ಪು ಉಂಟಾಗುವುದೇಕೆ? ಧನ ಋಣ ಅಯಾನುಗಳು ಒಂದನ್ನೊಂದು ಸೆಳೆದು ಸ್ಫಟಿಕವಾಗಿ ಕಟ್ಟಿಕೊಂಡಾಗ ಸುಮಾರು ೭೮೭ ಕಿಲೊಜೌಲ್ ಹೊರಬಂದು ಆ ನಷ್ಟವನ್ನು ತುಂಬಿ ಬಹಳವಾಗಿ ಮಿಗುತ್ತದೆ. ಸೋಡಿಯಮ್ಮಿನ ಔದಾರ್ಯವೆಂಬುದು ಕವಿಸಮಯ. ನಿಜವಾದ ಕಾರಣ ಶಕ್ತಿಯ ಜಮಾಖರ್ಚು. ಹತ್ತನೆಯ ತರಗತಿಗೆ ಈ ಅಂಕಿಗಳೆಲ್ಲ ಬೇಡವಾಗಬಹುದು. ಉಪಮಾನವನ್ನು ಉಪಮಾನವೆಂದು ಹೇಳಿ ಬಳಸುವುದಕ್ಕೆ ಯಾವ ಅಂಕಿಯೂ ಬೇಕಾಗಿಲ್ಲ.

ನಿಯಮವನ್ನು ಹೇಳಿದ ಮೇಲೆ ಅಪವಾದವನ್ನು ಹೇಳುವುದು ವೈಯಾಕರಣರ ಸಂಪ್ರದಾಯ. ಅಪವಾದವಿಲ್ಲದ ವ್ಯಾಕರಣ ಅರ್ಧ ವ್ಯಾಕರಣ. ಅಷ್ಟಕ ನಿಯಮಕ್ಕೂ ಅಪವಾದಗಳುಂಟು. ಬೋರಾನ್ ಟ್ರೈಫ್ಲೋರೈಡಿನಲ್ಲಿ ಬೋರಾನಿನ ಸುತ್ತ ಆರೇ ಚುಕ್ಕಿಗಳು ಬೀಳುತ್ತವೆ. ಗಂಧಕದ ಹೆಕ್ಸಾಫ್ಲೋರೈಡಿನಲ್ಲಿ ಗಂಧಕದ ಸುತ್ತ ಹನ್ನೆರಡು. ನೈಟ್ರಿಕ್ ಆಕ್ಸೈಡಿನ ಒಟ್ಟು ಎಲೆಕ್ಟ್ರಾನುಗಳು ಹನ್ನೊಂದಾದುದರಿಂದ ಒಂದು ಒಂಟಿಯಾಗಿಯೇ ಉಳಿಯಬೇಕು. ಎಂಟು ತುಂಬಿದ ಧಾತುಗಳನ್ನು ಜಡಾನಿಲಗಳೆಂದು ಕರೆದು, ಅವು ಏನನ್ನೂ ಸೇರವೆಂದು ಬಹುಕಾಲ ನಂಬಲಾಗಿತ್ತು. ೧೯೬೨ರಲ್ಲಿ ಕೆನಡಾದಲ್ಲಿ ನೀಲ್ ಬಾರ್ಟ್ಲೆಟ್ ಎಂಬ ವಿಜ್ಞಾನಿ ಕ್ಸೆನಾನಿನ ಸಂಯುಕ್ತವನ್ನು ಸಿದ್ಧಪಡಿಸಿದಂದು ಆ ನಂಬಿಕೆ ಬಿದ್ದಿತು. ಸ್ತೋತ್ರಸಾಹಿತ್ಯವನ್ನು ಬಲ್ಲವರಿಗೆ ಇದರಿಂದ ಗಾಬರಿಯಾಗಬೇಕಿಲ್ಲ: ಎಂಟು ಶ್ಲೋಕಗಳಿಗೆ ಫಲಶ್ರುತಿಯ ಒಂಬತ್ತನೆಯದು ಸೇರಿದರೂ ಅದು ಅಷ್ಟಕವೆಂದೇ ಕರೆಯಿಸಿಕೊಳ್ಳುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪವಾದ ನಾವೆಲ್ಲರೂ ಉಸಿರಾಡುವ ಆಮ್ಲಜನಕದಲ್ಲಿಯೇ ಇದೆ. ಅದರ ಅಣುವಿನ ಚುಕ್ಕಿ ರಚನೆಯನ್ನು ನಿಯಮಾನುಸಾರ ಬರೆದರೆ ಹನ್ನೆರಡು ಚುಕ್ಕಿಗಳೂ ಜೋಡಿಯಾಗಿ ಕುಳಿತು ಯಾವ ಕೊರತೆಯೂ ಕಾಣುವುದಿಲ್ಲ. ಆದರೆ ಆಮ್ಲಜನಕವನ್ನು ತಂಪುಗೊಳಿಸಿ ದ್ರವವಾಗಿಸಿ ಬಲವಾದ ಅಯಸ್ಕಾಂತದ ಎರಡು ತುದಿಗಳ ನಡುವೆ ಸುರಿದರೆ ಅದು ಅಲ್ಲಿಯೇ ಅಂಟಿಕೊಂಡು ನಿಲ್ಲುತ್ತದೆ. ಜೋಡಿಯಾಗದ ಎಲೆಕ್ಟ್ರಾನುಗಳು ಇದ್ದಲ್ಲದೆ ಹೀಗಾಗದು. ವಾಸ್ತವವಾಗಿ ಅಂಥವು ಎರಡಿವೆ. ಬರಹ ಒಂದನ್ನು ಹೇಳುತ್ತದೆ, ವಸ್ತು ಮತ್ತೊಂದನ್ನು ಹೇಳುತ್ತದೆ. ಈ ಒಂದು ಉದಾಹರಣೆಯನ್ನು ಕೇಳಿದ ವಿದ್ಯಾರ್ಥಿ ಮುಂದೆಂದೂ ಚುಕ್ಕಿಯನ್ನು ಎಲೆಕ್ಟ್ರಾನಿನ ಪ್ರತಿಬಿಂಬವೆಂದು ಭ್ರಮಿಸಲಾರನು. ಇದನ್ನು ಹೇಳಲು ಬೇಕಾಗುವುದು ಐದು ನಿಮಿಷ.

ವಿಜ್ಞಾನದ ಪಾಠಕ್ರಮದಲ್ಲಿ ಭಾಷಾಭಿಮಾನಿಗಳು ಕೈಹಾಕುವುದು ಅಧಿಕಪ್ರಸಂಗವೆಂದು ಆಕ್ಷೇಪಿಸುವವರು ಇರಬಹುದು. ಆದರೆ ಕನ್ನಡ ಮಾಧ್ಯಮದ ಪಾಠದಲ್ಲಿ ಶಬ್ದದ ಪ್ರಶ್ನೆಯನ್ನು ವಸ್ತುವಿನ ಪ್ರಶ್ನೆಯಿಂದ ಬೇರ್ಪಡಿಸುವುದು ಶಕ್ಯವಲ್ಲ. ‘ಧಾತು’ ಎಂಬ ಶಬ್ದವನ್ನೇ ನೋಡಬಹುದು. ವ್ಯಾಕರಣದ ತರಗತಿಯಲ್ಲಿ ಅದು ಕ್ರಿಯಾಪದದ ಮೂಲ. ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಧಾತುಗಳಿಗೇ ಒಂದು ಪ್ರಕರಣವಿದೆ. ಆಯುರ್ವೇದದಲ್ಲಿ ಅದು ರಸ ರಕ್ತಾದಿ ಏಳು. ಮುಂದಿನ ಗಂಟೆಯಲ್ಲಿ ರಸಾಯನದ ಗುರುಗಳು ಬಂದು ಅದೇ ಶಬ್ದದಿಂದ ಕಬ್ಬಿಣ ಗಂಧಕಗಳನ್ನು ಹೇಳುತ್ತಾರೆ. ಮೂರಕ್ಕೂ ಸಾಮಾನ್ಯವಾದ ಭಾವ ಒಂದಿದೆ: ಯಾವುದು ಆಧಾರವಾಗಿ ನಿಂತು ಬೇರೆಯವುಗಳ ರಚನೆಗೆ ಕಾರಣವಾಗುತ್ತದೆಯೋ ಅದು ಧಾತು. ಇದನ್ನು ಇಬ್ಬರು ಅಧ್ಯಾಪಕರಲ್ಲಿ ಒಬ್ಬರು ಹೇಳಿದರೂ ವಿದ್ಯಾರ್ಥಿಗೆ ಮೂರು ಗೊಂದಲಗಳ ಬದಲು ಒಂದು ಬೆಳಕು ದೊರೆಯುತ್ತದೆ. ಇಬ್ಬರೂ ಹೇಳದಿದ್ದರೆ ಅದೊಂದು ಅರ್ಥವಿಲ್ಲದ ಎರಡಕ್ಷರವಾಗುತ್ತದೆ.

ಆಂಗ್ಲ ಶಬ್ದಗಳನ್ನು ಬಹಿಷ್ಕರಿಸಬೇಕೆಂಬ ವಾದವೂ ಇದಲ್ಲ. ವೇಲೆನ್ಸಿಯೆಂಬುದು ರೂಢಿಗೆ ಬಂದಿದೆ, ಇರಲಿ. ಅದರ ಮೂಲವಾದ ಲ್ಯಾಟಿನ್ ಶಬ್ದಕ್ಕೆ ಬಲವೆಂಬ ಅರ್ಥವಿದೆ, ಸಂಯೋಗಸಾಮರ್ಥ್ಯವೆಂದು ಒಂದು ಬಾರಿ ಬಿಡಿಸಿ ಹೇಳಲಿ. ಸೋಡಿಯಮ್ಮಿನ ಸಂಕೇತ ‘ಎನ್‌ಎ’ ಎಂದೂ ಕಬ್ಬಿಣದ್ದು ‘ಎಫ್‌ಇ’ ಎಂದೂ ಇರುವುದು ನೇಟ್ರಿಯಂ, ಫೆರ್ರಂ ಎಂಬ ಲ್ಯಾಟಿನ್ ಹೆಸರುಗಳಿಂದ ಎಂದು ತಿಳಿಸಲಿ. ಇಂಗ್ಲಿಷ್ ಬಲ್ಲ ಮಗುವಿಗೂ ಆ ಅಕ್ಷರಗಳು ಅಷ್ಟೇ ಅಪರಿಚಿತವೆಂಬುದನ್ನು ಅರಿತಾಗ ಹಳ್ಳಿಯ ಮಗುವಿನ ಕೀಳರಿಮೆ ಸ್ವಲ್ಪವಾದರೂ ಕಳೆಯುತ್ತದೆ. ಕನ್ನಡದಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ ಪದವಿಪೂರ್ವ ವಿಜ್ಞಾನಕ್ಕೆ ಸೇರಿದ ಮಕ್ಕಳು ಇಂಗ್ಲಿಷ್ ಪಾಠದ ಮುಂದೆ ಕಂಗಾಲಾಗುವುದು, ಕೆಲವರು ವಿಜ್ಞಾನವನ್ನೇ ತೊರೆಯುವುದು, ಗ್ರಾಮಾಂತರದ ಶಾಲೆಗಳಿಗೆಲ್ಲ ಗೊತ್ತಿರುವ ದುಃಖ. ಚಿತ್ರವನ್ನು ಮಾತ್ರ ನೆನಪಿಟ್ಟುಕೊಂಡು ಹೋದವರಿಗೆ ಅಲ್ಲಿ ಎಲ್ಲವೂ ಹೊಸದು. ಎಣಿಸುವ ಕ್ರಮವನ್ನು ಅರಿತು ಹೋದವರಿಗೆ ಹೆಸರುಗಳು ಮಾತ್ರ ಹೊಸವು. ಚುಕ್ಕಿಗಳ ಲೆಕ್ಕ ಎಲ್ಲ ಭಾಷೆಗಳಲ್ಲಿಯೂ ಒಂದೇ.

ಪಾಠ ಮುಗಿಸಲು ವೇಳೆ ಸಾಲದು, ಪರೀಕ್ಷೆ ಹತ್ತಿರವಾಗುತ್ತದೆ, ಅಪವಾದಗಳನ್ನು ಹೇಳಿದರೆ ಮಂದಮತಿಗಳು ಗೊಂದಲಕ್ಕೊಳಗಾಗುತ್ತಾರೆ ಎಂಬ ಅಧ್ಯಾಪಕರ ಮಾತನ್ನು ತಳ್ಳಿಹಾಕಲಾಗದು. ಫಲಿತಾಂಶದ ಶೇಕಡಾವಾರನ್ನು ಕೇಳುವವರು ಬಹಳ, ತಿಳಿವಳಿಕೆಯ ಅಳತೆಯನ್ನು ಕೇಳುವವರು ವಿರಳ. ಆದರೂ ಮೂರು ಕಾರ್ಯಗಳು ಈ ಮಿತಿಯೊಳಗೇ ಸಾಧ್ಯ. ಒಂದು, ಚುಕ್ಕಿ ಇಡುವ ಮೊದಲು ಒಟ್ಟು ಸಂಖ್ಯೆಯನ್ನು ಬರೆಯುವುದನ್ನು ಕಡ್ಡಾಯ ಮಾಡಿ, ಶಾಲೆಯ ಕಿರುಪರೀಕ್ಷೆಗಳಲ್ಲಿ ಅರ್ಧ ಅಂಕವನ್ನು ಆ ಎಣಿಕೆಗೇ ಕೊಡುವುದು. ಎರಡು, ಪಠ್ಯದಲ್ಲಿ ಚಿತ್ರವಿಲ್ಲದ ಒಂದಾದರೂ ಅಣುವನ್ನು ಮಕ್ಕಳಿಂದ ಬರೆಯಿಸುವುದು. ಮೂರು, ಪಾಠದ ಕಡೆಯಲ್ಲಿ ಆಮ್ಲಜನಕದ ಕಥೆಯನ್ನು ಹೇಳಿ, ಈ ಲಿಪಿ ಎಲ್ಲಿಯವರೆಗೆ ನಂಬತಕ್ಕದ್ದೆಂದು ತಿಳಿಸುವುದು.

ಇದಕ್ಕೆ ವಿಶೇಷವಾದ ಉಪಕರಣವೇನೂ ಬೇಕಿಲ್ಲ. ಒಂದು ಹಿಡಿ ಹುಣಿಸೆಬೀಜ ಸಾಕು. ಅಕ್ಷರ ಬರೆದ ಕಾಗದದ ಸುತ್ತ ಬೀಜಗಳನ್ನಿಟ್ಟು, ಸರಿಸಿ, ಜೋಡಿ ಕಟ್ಟಿ, ಮತ್ತೆ ಎಣಿಸಿ ನೋಡುವ ಮಗು ಸುಣ್ಣದಕಡ್ಡಿಯ ಚಿತ್ರವನ್ನು ನಕಲಿಸಿದ ಮಗುವಿಗಿಂತ ಹೆಚ್ಚು ಕಲಿಯುತ್ತದೆ. ಇಂಗಾಲದ ಬೀಜ ಯಾವುದು, ಜಲಜನಕದ್ದು ಯಾವುದು ಎಂದು ಬೆರೆತ ಮೇಲೆ ಗುರುತಿಸಲಾಗದಿರುವುದೂ ಒಂದು ಪಾಠವೇ, ಏಕೆಂದರೆ ಎಲೆಕ್ಟ್ರಾನುಗಳಲ್ಲಿಯೂ ಆ ಭೇದವಿಲ್ಲ. ಒಂದಕ್ಕೆ ಚುಕ್ಕಿ, ಮತ್ತೊಂದಕ್ಕೆ ಕತ್ತರಿ ಗುರುತು ಹಾಕುವುದು ನಮ್ಮ ಲೆಕ್ಕದ ಅನುಕೂಲಕ್ಕೆ ಮಾತ್ರ. ಅಂಗಳದಲ್ಲಿ ಚುಕ್ಕಿಯಿಟ್ಟು ರಂಗೋಲಿ ಎಳೆಯುವ ಹೆಣ್ಣುಮಕ್ಕಳಿಗೆ ಎಣಿಕೆ ತಪ್ಪಿದರೆ ಎಳೆ ಕೂಡದೆಂಬುದು ಮೊದಲೇ ಗೊತ್ತು. ಅಲ್ಲಿ ಗೆರೆ ಚುಕ್ಕಿಗಳನ್ನು ಕೂಡಿಸುತ್ತದೆ, ಇಲ್ಲಿ ಗೆರೆ ಎರಡು ಚುಕ್ಕಿಗಳ ಸ್ಥಾನದಲ್ಲಿ ನಿಲ್ಲುತ್ತದೆ ಎಂಬ ವ್ಯತ್ಯಾಸವನ್ನು ಹೇಳಿದರೆ ಸಾಕು.

ದಾನಿಗಳು ಕಟ್ಟಡಗಳನ್ನು ಕಟ್ಟಿಸಿಕೊಟ್ಟಿದ್ದಾರೆ, ಪ್ರಯೋಗಶಾಲೆಗಳಿಗೆ ಗಾಜಿನ ಸಾಮಾನುಗಳನ್ನು ಒದಗಿಸಿದ್ದಾರೆ; ಅದು ಸ್ಮರಣೀಯ. ಅದರ ಜೊತೆಗೆ, ಅಧ್ಯಾಪಕರಿಗೆ ಓದಲು ಪುಸ್ತಕಗಳು, ಚರ್ಚಿಸಲು ವಿರಾಮ, ಒಬ್ಬರ ಪಾಠವನ್ನು ಮತ್ತೊಬ್ಬರು ಕುಳಿತು ಕೇಳುವ ಅವಕಾಶ, ಇವುಗಳಿಗೂ ಆಶ್ರಯ ಬೇಕು. ಕಲ್ಲಿನ ಫಲಕದ ಮೇಲೆ ಹೆಸರು ಕೆತ್ತಿಸಲು ಇವುಗಳಲ್ಲಿ ಸ್ಥಳವಿಲ್ಲವೆಂಬುದು ನಿಜ. ಆದರೆ ಹಳೆಯ ವಿದ್ಯಾರ್ಥಿಗಳು ದಶಕಗಳ ಬಳಿಕ ಹಿಂದಿರುಗಿ ಬಂದಾಗ ನೆನೆಯುವುದು ಗೋಡೆಯನ್ನಲ್ಲ, ಗೋಡೆಯ ನಡುವೆ ತಿಳಿಯಾಗಿ ಹೇಳಲ್ಪಟ್ಟ ಒಂದು ಪಾಠವನ್ನು.

ಓಂ ಪ್ರಥಮವಾಗಿ ಅಕ್ಷರ ತಿದ್ದಿದ ಮಗು ಸೊನ್ನೆ ಸುತ್ತುವುದನ್ನು ಮೊದಲು ಕಲಿತು, ಅದರ ನಾದವನ್ನು ಆಮೇಲೆ ಅರಿಯುತ್ತದೆ. ಸುತ್ತುವುದಷ್ಟನ್ನೇ ಕಲಿಸಿ ನಾದವನ್ನು ಹೇಳದ ಗುರುವನ್ನು ಯಾರೂ ಗುರುವೆನ್ನರು. ಪರಮಾಣುವಿನ ಸುತ್ತ ಇಡುವ ಚುಕ್ಕಿಗೂ ಇದೇ ನ್ಯಾಯ. ಇಡಲು ಕಲಿಸಿದವರು ಓದಲೂ ಕಲಿಸಬೇಕು.